ಮೂರನೆಯ ಕೂಗು

ದೀಪ ಹಚ್ಚಿದ ಮೇಲೆ ಹೊರಗಿನಿಂದ ಯಾರು ಕರೆದರೂ ನಮ್ಮ ಅತ್ತಿ ಮೊದಲ ಎರಡು ಕೂಗಿಗೆ ‘ಓ’ ಅನ್ನುವುದಿಲ್ಲ. ‘ದೆವ್ವ ಎರಡ ಸಲ ಕರೀತೈತಿ. ಮೂರನೇದಕ್ಕ ಅದರ ಹತ್ರ ದಮ್ ಇರಂಗಿಲ್ಲ’ ಅನ್ನುತ್ತಾಳೆ. ಸಿಂಧನೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ದಿನವಿಡೀ ಮುಖವಿಲ್ಲದ ದನಿಗಳನ್ನು ಜೋಡಿಸುವ ನನಗೆ ಅದಕ್ಕೆ ನಗುವ ಧೈರ್ಯವಿಲ್ಲ. ದನಿಗಳ ವಿಷಯದಲ್ಲಿ ಇಂಥ ಮೋಸಗಳು ಆಗುತ್ತಲೇ ಇರುತ್ತವೆ.

ಹಲ್ಲು

ಅಕ್ಕಿ ಗಿರಣಿಯ ಸಾಹುಕಾರರು ಲಿಂಗಸುಗೂರಿಗೆ ಲೈನು ಕೇಳಿದರು. ಜೋಡಿಸಿದೆ. ಅವರು ತೆಲುಗಿನಲ್ಲಿ ಗರ್ಜಿಸಿದ್ದೇ ತಡ, ಒಂದು ಶಬ್ದವೂ ತಿಳಿಯದ ನನಗೆ ಅನ್ನಿಸಿದ್ದು ಒಂದೇ: ಯಾರನ್ನೋ ಕೊಲ್ಲಿಸುತ್ತಿದ್ದಾರೆ! ಪಕ್ಕದ ಹಿರಿಯ ಆಪರೇಟರ್‌ಗೆ ಸನ್ನೆ ಮಾಡಿದೆ. ಅವರು ಕಿವಿಗೊಟ್ಟು ಕೇಳಿ, ‘ಮೊಮ್ಮಗಳಿಗೆ ಹಲ್ಲು ಬಂದಾವಂತವಾ, ಖುಷಿಯಾಗ್ಯಾರ’ ಅಂದರು.

ಆದರೂ ನನ್ನ ಕೈ ಲೈನು ಕೀಳಲು ಪ್ಲಗ್ಗನ್ನು ಹಿಡಿದೇ ಇತ್ತು. ಕಿವಿಗೆ ಬಂದ ಸುದ್ದಿ ಕೈಗೆ ಮುಟ್ಟಲು ದೂರದೂರಿನ ಟ್ರಂಕ್ ಕಾಲ್ ಸಿಗುವಷ್ಟೇ ಹೊತ್ತು ಬೇಕು.

ಮೆತ್ತಗೆ

ಅತ್ತಿಯ ಗಂಡ, ನಮ್ಮ ಮಾಮ, ಮಸ್ಕಿ ಕಡೆ ಕೆನಾಲಿನ ಗೇಟು ಎತ್ತುವ ಲಸ್ಕರ್. ನೀರಿನ ಸದ್ದಿನ ಮೇಲೆ ಕೂಗಿ ಕೂಗಿ ಅವರ ದನಿ ಇಳಿಯುವುದನ್ನೇ ಮರೆತಿತ್ತು. ಆ ದನಿಗೆ ಬೇಸತ್ತು ಅತ್ತಿ ಜಗಳಾಡಿದ್ದಳು. ಮಾಮ ಕೆನಾಲಿನ ಕ್ಯಾಂಪಿನಲ್ಲೇ ಉಳಿದರು, ದೀಪಾವಳಿಗೂ ಮನೆಗೆ ಬರಲಿಲ್ಲ. ಅತ್ತಿ ಮಾತ್ರ ದಿನಾ ಅವರ ಪಾಲಿನ ರೊಟ್ಟಿ ಬಡಿದಿಡುತ್ತಿದ್ದಳು.

ಕೊನೆಗೆ ಒಂದು ದಿನ ಕ್ಯಾಂಪಿನ ಫೋನಿನಿಂದ ಎಕ್ಸ್‌ಚೇಂಜಿಗೇ ಮಾಡಿ ಮಾಮ ನನ್ನನ್ನು ಕೇಳಿದರು: ‘ಆಕಿ ಏನಂತಾಳವಾ?’

‘ದಾರಿ ನೋಡಾಕತ್ತಾಳ, ಬರ್ರಿ ಮಾಮಾ. ಆದ್ರ ಒಂಚೂರು ಮೆತ್ತಗ ಮಾತಾಡ್ರಿ.’

‘ಮೆತ್ತಗನ ಮಾತಾಡಾಕತ್ತೀನಲ್ಲ!’

ಹೆಡ್‌ಸೆಟ್ಟು ಕಿತ್ತಿಟ್ಟೆ. ಹಿರಿಯ ಆಪರೇಟರ್ ಅಂದರು: ‘ಮಸ್ಕಿಯಿಂದ ಇಷ್ಟು ಕೇಳಸ್ತೈತಿ ಅಂದ್ರ ಈ ತಂತಿ ಯಾಕ ಎಳದಾರ?’

ಬಾಗಿಲು

ಮರುದಿನ ದೀಪ ಹಚ್ಚಿದ ಹೊತ್ತು, ಮನೆಯಲ್ಲಿ ಅತ್ತಿ, ನಾನು ಇಬ್ಬರೇ. ಮನೆ ಹಿಂದಿನ ಕೆನಾಲಿನ ಕಪ್ಪೆಗಳು ಒಮ್ಮೆಲೇ ಸುಮ್ಮನಾದವು. ಹೊರಗೆ ಒಂದು ದನಿ: ‘ಗೌರೀ...’

ಅತ್ತಿ ಬಾಯಿಗೆ ಸೆರಗು ಒತ್ತಿಕೊಂಡಳು.

‘ಗೌರೀ...’

‘ಮಾಮಾ ಬಂದಾರ, ಅತ್ತಿ.’

‘ಹುಚ್ಚೀ! ಲಗ್ನ ಆದಾಗಿಂದ ಅವರು ನನ್ನ ಹೆಸರು ಹಿಡದಿಲ್ಲ. “ಎಲ್ಲಿ ಸತ್ತೀಲೇ” ಅಂತಾರ.’

ಮೂರನೆಯದೂ ಬಂತು, ಕಾಯಿಸಿ ಆರಿಸಿದ ಹಾಲಿನಂತೆ: ‘ಗೌರೀ, ಸಿಟ್ಟು ಬಿಡು. ಬಾಗಲಾ ತಗಿ.’

‘ಯವ್ವಾ, ಮೂರು ಸಲ ಕರೀತು! ಭಾಳ ದಮ್ ಇದ್ದ ದೆವ್ವ ಇದು!’ ಅತ್ತಿ ಅಗಳಿ ಹಾಕಿದ ಬಾಗಿಲಿಗೆ ಒನಕೆಯನ್ನೂ ಆನಿಸಿದಳು.

ಮೆತ್ತಗೆ ಎಂದು ಹೇಳಿಕೊಟ್ಟವಳು ನಾನೇ. ಹೊರಗಿರುವುದು ಮಾಮ ಎಂದು ತಲೆಗೆ ಗೊತ್ತು, ಮೈಮೇಲಿನ ಕೂದಲಿಗೆ ಗೊತ್ತಿಲ್ಲ. ನಾನೂ ಒನಕೆ ಹಿಡಿದು ನಿಂತೆ.

ಅತ್ತಿ ಬಾಗಿಲಿಗೆ ಕೆನ್ನೆ ಹಚ್ಚಿ ಅಳುತ್ತ ಕೂಗಿದಳು: ‘ನೀವ ಇದ್ರ, ನಿಮ್ಮ ಕಾಲ ಬೀಳತೀನ್ರೀ, ಒಂದ ಸಲ ಬೈರೀ!’

ಹೊರಗಿನಿಂದ ಇನ್ನೂ ಮೆತ್ತಗೆ ಬಂತು: ‘ಇನ್ನ ಮ್ಯಾಲ ಬೈಯಂಗಿಲ್ಲ, ಗೌರೀ.’