ಪಂಚರಿಗೆ ಹೆದರುವ ಮಾವ

ನಮ್ಮ ಸೋದರಮಾವ ಮನುಷ್ಯರನ್ನು ಮುಖ ನೋಡಿ ಗುರುತು ಹಿಡಿಯುತ್ತಾರೆಂಬ ನಂಬಿಕೆ ನನಗಂತೂ ಇಲ್ಲ. ಅವರು ನೋಡುವುದು ಟೈರು! ನಾನು ಕೊಳ್ಳೇಗಾಲದಿಂದ ಬೈಕಿನಲ್ಲಿ ಕಾಮಗೆರೆಯ ಅವರ ಮನೆಗೆ ಹೋದರೆ, ಜಗಲಿಯಿಂದ ಇಳಿದವರು ನೇರವಾಗಿ ಬೈಕಿನ ಹಿಂದಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಹೆಬ್ಬೆರಳಿನಿಂದ ಟೈರು ಒತ್ತುತ್ತಾರೆ. ಆಮೇಲೆ ತಲೆಯೆತ್ತಿ, “ಇಂದ್ಲುದ್ರಲ್ಲಿ ಗಾಳಿ ಕಮ್ಮಿ ಅದೆ ಕಣ್ಲಾ. ಅವ್ವ ಚೆಂದಾಗವ್ಳಾ?” ಎನ್ನುತ್ತಾರೆ. ನಮ್ಮವ್ವ ಅವರ ಒಡಹುಟ್ಟಿದ ತಂಗಿ. ಆದರೇನು, ಟೈರಿನ ಯೋಗಕ್ಷೇಮ ಮುಗಿಯುವ ತನಕ ಕಾಯಲೇಬೇಕು!

ಸ್ವಂತಕ್ಕೆ ಅವರಿಗಿರುವುದು ಒಂದು ಹಳೆಯ ಸೈಕಲ್ಲು. ಊರಾಚೆಯ ಹಿಪ್ಪುನೇರಳೆ ತೋಟದಿಂದ ರೇಷ್ಮೆಹುಳುವಿಗೆ ಸೊಪ್ಪು ಹೇರಿಕೊಂಡು ಬರಲು ಅದು ಬೇಕು. ದಾರಿಯುದ್ದಕ್ಕೂ ಜಾಲಿ ಬೇಲಿ. ಹೀಗಾಗಿ ಈ ಸೀಮೆಯ ಮುಳ್ಳುಗಳೆಲ್ಲ ತಮ್ಮ ಟೈರನ್ನೇ ವಿಚಾರಿಸಿಕೊಂಡು ಬರುತ್ತಿವೆ ಎಂದು ಮಾವ ನಂಬಿದ್ದಾರೆ. ಮುಳ್ಳಿನ ಜಾಗ ಬಂತೆಂದರೆ ಇಳಿದು ಸೈಕಲ್ಲನ್ನು ಹೆಗಲಿಗೇರಿಸುತ್ತಾರೆ. “ಮಾವ, ಮುಳ್ಳು ನಿಮ್ಮ ಕಾಲಿಗೆ ಚುಚ್ಚಿದರೆ?” ಎಂದು ಕೇಳಿದ್ದೆ.

“ಕಾಲ್ಗೇನ್ ಪ್ಯಾಚ್ ಆಕುಸ್ಬೇಕಾ? ತಾನೇ ವಾಸಿಯಾಯ್ತದೆ!”

ಟೈರಿನೊಳಗೆ, ಟ್ಯೂಬಿಗೆ ರಕ್ಷಣೆಯಾಗಿ, ಹಳೆಯ ಟೈರನ್ನು ಸೀಳಿ ಇನ್ನೊಂದು ಪದರ ಹಾಕಿದ್ದರು. ಪಂಚರ್ ಆಗುವುದೇನೋ ನಿಂತಿತು. ಜೊತೆಗೆ ಸೈಕಲ್ಲು ಮುಂದಕ್ಕೆ ಹೋಗುವುದೂ ನಿಂತಿತು! ಎತ್ತಿನ ಗಾಡಿಯ ತೂಕ ಬಂದಿತ್ತು ಅದಕ್ಕೆ. ಕೊನೆಗೆ ಆ ಪದರವನ್ನು ಕಿತ್ತೆಸೆಯಬೇಕಾಯಿತು.

ಇಂಥವರ ಮನೆಯ ಗಾಳಿ ಪಂಪು ಒಂದು ದಿನ ಕೊನೆಯುಸಿರೆಳೆಯಿತು. ಹೊಸದನ್ನು ಆರಿಸಲು ಕೊಳ್ಳೇಗಾಲದ ಸೈಕಲ್ ಅಂಗಡಿಗೆ ನನ್ನನ್ನೂ ಕರೆದೊಯ್ದರು. ಪಂಪು ತರುವುದೆಷ್ಟು ಹೊತ್ತಿನ ಕೆಲಸ ಎಂದುಕೊಂಡು ನಾನು ತಿಂಡಿಯನ್ನೂ ತಿನ್ನದೆ ಹೋಗಿದ್ದೆ. ಅಂಗಡಿಯವರು ಒಂದೊಂದೇ ಪಂಪು ತೆಗೆದಿಟ್ಟರು. ಸೈಕಲ್ಲಿಗೇ ಸಿಕ್ಕಿಸಿಕೊಳ್ಳುವ ಪುಟ್ಟದನ್ನು ನೋಡಿ ಮಾವ, “ಇದು ಪಂಪೋ ಪೀಪಿಯೋ?” ಎಂದರು. ಪಾದ ಇಡುವ ಜಾಗ ಸಣ್ಣದಾಗಿದ್ದ ಮತ್ತೊಂದನ್ನು ಪಕ್ಕಕ್ಕೆ ತಳ್ಳಿ, “ಒಂಟಿಕಾಲಲ್ಲಿ ನಿಂತ್ಕಂಡು ಗಾಳಿ ಒಡ್ಯಕ್ಕೆ ನಾನೇನ್ ಕೊಕ್ಕರೆಯಾ?” ಎಂದರು. ಕೊನೆಗೆ ಎರಡು ಕಾಲೂ ಊರುವಂಥ ಅಗಲವಾದ ಕಬ್ಬಿಣದ ಅಡಿ, ಉದ್ದನೆಯ ಪೈಪು, ಒಳಗೆ ಚರ್ಮದ ವಾಷರ್ ಇರುವ ಪಂಪು ಸಿಕ್ಕಿತು. ಮುಗಿಯಿತೇ? ಎಲ್ಲಿ! ಪೈಪಿನ ಬಾಯಿಗೆ ನನ್ನ ಬೆರಳು ಒತ್ತಿಸಿ, ತಾವು ಮೇಲೆ ಕೆಳಗೆ ಹೊಡೆದರು. ಬೆರಳು ಹಾರಿಹೋಗುವಂತಾದಾಗ ಅವರ ಮುಖ ಅರಳಿತು. ಆಮೇಲೆ ಒಂದು ಬಕೀಟು ನೀರು ತರಿಸಿ, ಪೈಪನ್ನು ಮುಳುಗಿಸಿ, ಎಲ್ಲಾದರೂ ಗುಳ್ಳೆ ಬರುತ್ತದೆಯೇ ಎಂದು ಬಗ್ಗಿ ಕುಳಿತರು.

ಅಂಗಡಿಯವರು ಕೈಮುಗಿದರು. “ಸಾ, ನಮ್ ಮಗ್ಳಿಗೆ ಗಂಡು ನೋಡ್ವಾಗ್ಲೂ ನಾವು ಇಷ್ಟು ನೋಡ್ನಿಲ್ಲ!”

ಪಾಪ, ಅವರಿಗೇನು ಗೊತ್ತು? ನಮ್ಮ ಮಾವ ಗಂಡು ನೋಡುವುದೂ ಹೀಗೆಯೇ! ನನ್ನ ತಂಗಿಗೆ ಯಳಂದೂರಿನ ಹುಡುಗನನ್ನು ನೋಡಲು ಹೋದಾಗ, ಎಲ್ಲರೂ ಕೇಸರಿಬಾತಿನ ತಟ್ಟೆ ಹಿಡಿದು ಕೂತಿದ್ದರೆ ಮಾವ ಮಾಯ! ಹುಡುಕಿದರೆ ಅಂಗಳದಲ್ಲಿ ನಿಂತಿದ್ದ ಬೈಕಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಒಳಗೆ ಬಂದವರೇ ತುಂಬಿದ ಸಭೆಯಲ್ಲಿ ಹೇಳಿದರು: “ಉಡ್ಗ ಒಪ್ಗೆ. ಟೈರು ಎರಡೂ ಕಲ್ಲಿದ್ದಂಗವೆ.”

ಹುಡುಗ ಮೆಲ್ಲಗೆ ಕೆಮ್ಮಿದ. “ಸಾ, ಅದು ಪಕ್ಕದ್ಮನೆಯೋರ್ ಗಾಡಿ. ನಮ್ದು ಪಂಚರ್ ಅಂಗ್ಡೀಲದೆ.”

ನಮ್ಮವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮಾವ ಮಾತ್ರ ಹುಡುಗನನ್ನೇ ಒಂದು ಗಳಿಗೆ ದಿಟ್ಟಿಸಿ, “ಪಂಚರ್ ಆಗದೆ ಅಂತ ಬಾಯ್ಬುಟ್ಟು ಯೋಳ್ದನಲ್ಲ! ಇಂಥೋನು ಸಿಕ್ಕಲ್ಲ, ಕೊಡಿ ಉಡ್ಗೀನ” ಎಂದರು. ಮದುವೆಯಾಯಿತು. ತಂಗಿ ಸುಖವಾಗಿದ್ದಾಳೆ. ಈಗ ಯಾರೇನು ಹೇಳಲು ಸಾಧ್ಯ?

ಇನ್ನು ಅತ್ತೆಯ ಪಾಡು. ಪಂಪಿನ ಚರ್ಮದ ವಾಷರ್ ಒಣಗಬಾರದೆಂದು ಮಾವ ಆಗಾಗ ಅದಕ್ಕೆ ಕೊಬ್ಬರಿ ಎಣ್ಣೆ ಸವರುತ್ತಾರೆ. ಎಣ್ಣೆ ಅತ್ತೆಯ ಶೀಶೆಯದು. “ನನ್ ತಲೆ ಒಣಗ್ ನಿಂತದೆ, ಆ ಪಂಪಿಗೆ ಅಭ್ಯಂಜನ ಮಾಡ್ತಾ ಕೂತವ್ರೆ! ಅದ್ನೇ ಕಟ್ಕಬೇಕಾಗಿತ್ತು ಇವ್ರು” ಎಂದು ಅತ್ತೆ ಗೊಣಗುತ್ತಾರೆ. ಮಾವ ಎಣ್ಣೆ ಸವರುತ್ತಲೇ ಇರುತ್ತಾರೆ. ಅತ್ತೆಯ ಬಳಿ ಅವರದು ಮಾತೇ ಕಡಿಮೆ. ಇವರಿಬ್ಬರೂ ಎದುರುಬದುರು ಕೂತು ನಾಲ್ಕು ಮಾತಾಡಿದ್ದನ್ನು ನಾನಂತೂ ನೋಡಿರಲಿಲ್ಲ.

ಆಮೇಲೆ ಬಂದದ್ದು ಅಯಸ್ಕಾಂತದ ಹುಚ್ಚು. ಕೆಟ್ಟುಹೋದ ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ, ಸೈಕಲ್ಲಿನ ಹಿಂದೆ ಎಳೆದುಕೊಂಡು ಹನೂರು ರಸ್ತೆಯಲ್ಲಿ ಹೊರಟರು. ಬಿದ್ದಿರುವ ಮೊಳೆಗಳನ್ನೆಲ್ಲ ಅದು ಹೀರಿಕೊಳ್ಳಬೇಕು! ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುತ್ತಿದ್ದ ಭಕ್ತರು ದಾರಿ ಬಿಟ್ಟು ನಿಂತು, “ಇದ್ಯಾವ ಅರಕೆ ಸಾಮಿ?” ಎಂದು ಕೇಳಿದರು.

“ಪಂಚರ್ ಅರಕೆ ಕಣ್ರಪ್ಪಾ!”

ಅಂಥದ್ದೂ ಒಂದಿರಬಹುದೆಂದು ಅವರಲ್ಲೊಬ್ಬ ಹಿರಿಯರು ಭಕ್ತಿಯಿಂದ ಮಾವನ ಹಣೆಗೆ ವಿಭೂತಿ ಹಚ್ಚಿದರು. ಹನೂರಿನ ಪಂಚರ್ ಅಂಗಡಿಯವನೊಬ್ಬ ಮಾತ್ರ ಕೈಮುಗಿದದ್ದು ಬೇರೆ ಕಾರಣಕ್ಕೆ: “ಸಾ, ನಮ್ ಒಟ್ಟೆ ಮ್ಯಾಲೆ ಯಾಕ್ ಒಡೀತೀರಿ?”

ಹೋದ ವರ್ಷ ಒಂದು ಬೆಳಗ್ಗೆ ನನಗೆ ಫೋನು ಬಂತು. ಅತ್ತೆ ಅಂಗಳದಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಪಕ್ಕದ ಮನೆಯವರು ಆಟೋದಲ್ಲಿ ಊರಿನ ಆಸ್ಪತ್ರೆಗೆ ಸೇರಿಸಿ, ತೋಟದಲ್ಲಿದ್ದ ಮಾವನಿಗೂ ಸುದ್ದಿ ಮುಟ್ಟಿಸಿದ್ದರು. ಕೊಳ್ಳೇಗಾಲದಿಂದ ನಾನು ಬಂದು ತಲುಪಿದರೂ ಮಾವನ ಸುಳಿವಿಲ್ಲ. ನನಗೆ ಸಿಟ್ಟು ಬಂತು. ಇಂಥ ಹೊತ್ತಿನಲ್ಲೂ ಮುಳ್ಳು ನೋಡಿ ನೋಡಿ ಬರುತ್ತಿರಬೇಕು ಈ ಮನುಷ್ಯ!

ಅಷ್ಟರಲ್ಲಿ ಗೇಟಿನ ಕಡೆಯಿಂದ ಕಬ್ಬಿಣ ಕಲ್ಲಿಗೆ ಉಜ್ಜುವ ಶಬ್ದ ಕೇಳಿಸಿತು. ನೋಡಿದರೆ ಮಾವ. ಬೇಗ ತಲುಪಲೆಂದು ಬೇಲಿ ನುಗ್ಗಿ, ಮುಳ್ಳಿನ ಓಣಿಯಲ್ಲೇ ತುಳಿದುಕೊಂಡು ಬಂದಿದ್ದರು. ಎರಡು ಚಕ್ರದಲ್ಲೂ ಗಾಳಿಯಿಲ್ಲ. ಮುಂದಿನ ಟೈರು ಹರಿದು ಪಕ್ಕಕ್ಕೆ ಜೋತಾಡುತ್ತಿತ್ತು, ಸೈಕಲ್ಲು ಬರೀ ರಿಮ್ಮಿನ ಮೇಲೆ ಓಡುತ್ತಿತ್ತು. ಸ್ಟ್ಯಾಂಡ್ ಕೂಡ ಹಾಕದೆ ಅದನ್ನು ನೆಲಕ್ಕೆ ಬಿಟ್ಟು, ನನ್ನ ತೋಳು ಹಿಡಿದರು.

“ಎಲ್ಲವ್ಳೆ?”

ಗಾಬರಿಪಡುವಂಥದ್ದೇನೂ ಇರಲಿಲ್ಲ. ಸಕ್ಕರೆ ಇಳಿದುಹೋಗಿತ್ತು, ಗ್ಲೂಕೋಸ್ ಏರಿಸಿದ್ದರು. ಮಾವ ಮಂಚದ ಪಕ್ಕ ನಿಂತವರು, ಕೂರಲು ಹೇಳಿದರೂ ಕೂರಲಿಲ್ಲ. ಅತ್ತೆ ಕಣ್ಣು ಬಿಟ್ಟು, “ತಿಂಡಿ ತಿಂದ್ರಾ?” ಎಂದರು. ಮಾವ ಗೋಡೆಯ ಕಡೆ ತಿರುಗಿ ಟವಲಿನಿಂದ ಮುಖ ಒರೆಸಿಕೊಂಡರು.

ಸಂಜೆ ಮನೆಗೆ ಕಳಿಸಿದರು. ಆಟೋದಲ್ಲಿ ಅತ್ತೆಯ ತಲೆಯನ್ನು ತಮ್ಮ ಹೆಗಲಿಗೆ ಒರಗಿಸಿಕೊಂಡು ಮಾವ ಕೂತರು. “ಮೆತ್ಗೆ ಓಡ್ಸಪ್ಪಾ, ಅಳ್ಳ ನೋಡ್ಕಂಡು” ಎಂದು ಡ್ರೈವರಿಗೆ ಹೇಳಿದರು. ಆಟೋ ಇನ್ನೇನು ಹೊರಡಬೇಕು, ನನಗೆ ನೆನಪಾಯಿತು.

“ಮಾವ, ಸೈಕಲ್ಲು?”

ಅವರು ಅತ್ತೆಯ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಯಾವ ಸೈಕಲ್ಲು?” ಎಂದರು.