ಊರಿಗೆಲ್ಲ ಕೇಳಿದ ಪ್ರಶ್ನೆಪತ್ರಿಕೆ

ಮೈಲಾರೆಪ್ಪ ಮಾಸ್ತರರು ಆ ದಿನ ಮನೆಯಲ್ಲಿ ಮರೆತು ಬಂದದ್ದು ಒಂದೇ ಒಂದು ಸಾಮಾನು. ಅಂಗೈಯಗಲದ ಒಂದು ಸ್ಪೀಕರ್. ಪ್ರಶ್ನೆಪತ್ರಿಕೆ, ಉತ್ತರದ ಹಾಳೆ, ಎರಡು ಡಜನ್ ಪೆನ್ನು, ತಲೆನೋವಿನ ಗುಳಿಗೆ ಎಲ್ಲವೂ ಚೀಲದಲ್ಲಿದ್ದವು. ಕಾಲೇಜಿನ ಬಸ್ಸು ರಾಣೆಬೆನ್ನೂರು ಬಿಟ್ಟು, ಮೋಟೆಬೆನ್ನೂರಿನ ಹತ್ತಿರ ಬ್ಯಾಡಗಿ ಕಡೆ ಹೊರಳುವಾಗ ಸ್ಪೀಕರ್ ನೆನಪಾಯಿತು. ಮನೆಗೆ ಫೋನ್ ಹಚ್ಚಿದರು.

“ಇಲ್ಲೇ ಐತ್ರಿ,” ಅಂದಳು ಹೆಂಡತಿ ಪ್ರಿಯಾಂಕಾ. “ಹಾಡು ಹಚ್ಚಿಕೊಂಡು ರೊಟ್ಟಿ ಬಡಿಯಾಕತ್ತೇನಿ. ನಿಮಗ ಬೇಕಾಗಿತ್ತೇನು?”

ಮಾಸ್ತರರು ಫೋನ್ ಇಟ್ಟರು. ಹಿಂದಿನ ಸೀಟುಗಳಲ್ಲಿ ಕೊನೆಯ ವರ್ಷದ ಇಪ್ಪತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕಿಟಕಿಗೆ ತಲೆ ಆನಿಸಿ ಮಲಗಿದ್ದರು.

ಮೈಲಾರೆಪ್ಪನವರು ಆ ಕಾಲೇಜಿನಲ್ಲಿ ಒಂಬತ್ತು ವರ್ಷದಿಂದ ಇಂಗ್ಲಿಷ್ ಕಲಿಸುವ ಅತಿಥಿ ಉಪನ್ಯಾಸಕರು. ಒಂಬತ್ತು ವರ್ಷ ಉಳಿದ ಮನುಷ್ಯನನ್ನು ಯಾವ ಮನೆಯವರೂ ಅತಿಥಿ ಅನ್ನುವುದಿಲ್ಲ, ಆದರೆ ಕಾಲೇಜಿನವರು ಅನ್ನುತ್ತಿದ್ದರು. ಕಾಲೇಜಿನ ಅಧ್ಯಕ್ಷರು ಹಾಲಸಿದ್ದಪ್ಪ ಸಾವಕಾರ್ರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ದೊಡ್ಡ ಕೋಲ್ಡ್ ಸ್ಟೋರೇಜೂ ಅವರದೇ. ಕ್ಯಾಂಪಸ್ಸಿಗೆ ಬಂದ ಕಂಪನಿಯವರೆಲ್ಲ ಹುಡುಗರಿಗೆ ಕೆಲಸ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ ಎಂದು ಹೇಳಿ ಹೋದ ಮೇಲೆ, ಸಾವಕಾರ್ರು ಮಾಸ್ತರರನ್ನು ಕರೆಸಿದ್ದರು.

“ಒಂದು ಟೆಸ್ಟ್ ತಯಾರ ಮಾಡ್ರಿ. ಕವಿತಾ-ಗಿವಿತಾ ಬ್ಯಾಡ. ಕೆಲಸದ ಜಾಗಾದಾಗ ಎಷ್ಟು ಇಂಗ್ಲಿಷ್ ಬೇಕೋ ಅಷ್ಟ. ನಮ್ಮ ಹುಡುಗರಿಗೂ ಆಗಬೇಕು, ನಮ್ಮ ಸ್ಟೋರೇಜಿನ ಇಂಜಿನಿಯರಿಗೂ ಆಗಬೇಕು. ಟೆಸ್ಟ್ ಛಲೋ ಆತಂದ್ರ ನಿಮ್ಮ ಪರ್ಮನೆಂಟ್ ಆರ್ಡರ್‌ಗೆ ಅವತ್ತ ಸಹಿ ಮಾಡ್ತೇನಿ.”

ಮಾಸ್ತರರು ನಾಲ್ಕು ತಿಂಗಳು ಮೈಮುರಿದು ದುಡಿದರು. ಕುಮಾರಪಟ್ಟಣದಿಂದ ಹಾವೇರಿಯವರೆಗೆ ಕಂಡ ಕಂಡ ಫ್ಯಾಕ್ಟರಿಯ ಗೇಟಿನ ಮುಂದೆ ವಹಿ ಹಿಡಿದು ನಿಂತು, ಒಳಗಿನವರು ಫೋನಿನಲ್ಲಿ ಏನು ಮಾತಾಡುತ್ತಾರೆ, ಮೇಲಿನವರಿಗೆ ಏನು ಬರೆಯುತ್ತಾರೆ ಎಂದು ಕೇಳಿ ಬರೆದುಕೊಂಡರು. ಅದನ್ನೆಲ್ಲ ಸೋಸಿ ಪ್ರಶ್ನೆ ಮಾಡಿದರು. ಕೇಳಿ ಉತ್ತರಿಸುವ ಭಾಗಕ್ಕೆ ತಮ್ಮದೇ ದನಿ ಕೊಟ್ಟರು. ಓಣಿಯ ನಾಯಿ ಬೊಗಳುವುದು ಕೇಳಬಾರದೆಂದು ಎರಡು ಕೌದಿ ಹೊದ್ದು, ಬೆವರಿನಲ್ಲಿ ತೊಯ್ದು, ದೊಡ್ಡ ಸಾಹೇಬನ ಗತ್ತಿನಲ್ಲಿ ಮೊಬೈಲಿಗೆ ಮಾತಾಡಿದ್ದರು.

ಇವತ್ತು ಸ್ಟೋರೇಜಿನಲ್ಲೇ ಅದರ ಮೊದಲ ಪ್ರಯೋಗ. ಮೂರು ಗಂಟೆಗೆ ಸಾವಕಾರ್ರು ಖುದ್ದಾಗಿ ಬರುವವರಿದ್ದರು.

ಕೋಲ್ಡ್ ಸ್ಟೋರೇಜಿನ ಗೇಟು ದಾಟುತ್ತಿದ್ದಂತೆ ಮೆಣಸಿನಕಾಯಿ ಘಾಟಿಗೆ ಇಪ್ಪತ್ತೂ ವಿದ್ಯಾರ್ಥಿಗಳು ಎಚ್ಚರಾಗಿ ಒಟ್ಟಿಗೆ ಸೀನಿದರು. ಅಲ್ಲಿಯ ಇಂಜಿನಿಯರ್ ಮುಜಾಫರ ಎದುರಿಗೆ ಬಂದ. ಪರೀಕ್ಷೆಗೆ ಅವನೂ ಕೂರಬೇಕಿತ್ತು.

“ಸ್ಪೀಕರ್ ಬಿಟ್ಟು ಬಂದೇನ್ರಿ,” ಅಂದರು ಮಾಸ್ತರರು.

“ಅದಕ್ಯಾಕ ಚಿಂತಿ ಮಾಡ್ತೀರಿ ಸರ್ರ. ಮೀಟಿಂಗ್ ರೂಮಿನ್ಯಾಗ ನಮ್ಮ ಮೈಕ್ ಸೆಟ್ ಐತಿ. ಮೊಬೈಲ್ ವೈರ್ ಚುಚ್ಚಿದ್ರ ಮುಗೀತು.”

ಮೀಟಿಂಗ್ ರೂಮು ಮೇಲಿನ ಮಾಳಿಗೆಯಲ್ಲಿತ್ತು. ಎಲ್ಲರೂ ಕುಳಿತರು. ಮಾಸ್ತರರು ವೈರು ಚುಚ್ಚಿದರು. ಸೆಟ್ಟಿನ ಮೇಲೆ ಒಂದು ತಿರುಗಣಿ ಇತ್ತು, ಅದರ ಸುತ್ತ ಇಂಗ್ಲಿಷಿನಲ್ಲಿ ಬರೆದಿತ್ತು. ಒಂದು ಕಡೆ ‘ರೂಮ್’, ಇನ್ನೊಂದು ಕಡೆ ‘ಆಲ್’. ಇಪ್ಪತ್ತೊಂದು ಮಂದಿಗೂ ಕೇಳಬೇಕಲ್ಲ ಎಂದು ವಿಚಾರ ಮಾಡಿ ಮಾಸ್ತರರು ‘ಆಲ್’ ಕಡೆ ತಿರುಗಿಸಿದರು. ಮುಜಾಫರ ಆಗ ಬಗ್ಗಿ ಪೆನ್ನಿನ ಟೋಪಿ ಹುಡುಕುತ್ತಿದ್ದ.

ಗೋಡೆಯ ಸ್ಪೀಕರಿನಿಂದ ಮಾಸ್ತರರ ದನಿ ಗಡಗಡ ಹೊರಟಿತು. ಕೌದಿಯೊಳಗಿನ ದನಿಯೆಂದು ಯಾರೂ ಅನ್ನುವಂತಿರಲಿಲ್ಲ. ಮೊದಲನೇ ಪ್ರಶ್ನೆ: “ಪ್ಲೀಸ್ ಬ್ರಿಂಗ್ ದಿ ಬ್ಲೂ ಫೈಲ್ ಟು ದಿ ಮೀಟಿಂಗ್ ರೂಮ್.” ಯಾವ ಬಣ್ಣದ ಫೈಲು ಎಂದು ಹಾಳೆಯಲ್ಲಿದ್ದ ಪ್ರಶ್ನೆಗೆ ಗುರುತು ಹಾಕಬೇಕು. ಇಪ್ಪತ್ತೊಂದು ತಲೆಗಳು ಹಾಳೆಯ ಮೇಲೆ ಬಾಗಿದವು.

ಮುಂದಿನ ಪ್ರಶ್ನೆಗೆ ಮೊದಲೇ ಬಾಗಿಲು ತೆರೆಯಿತು. ಸ್ಟೋರಿನ ಕಾಸೀಮಸಾಬ ಎದೆಗೆ ನೀಲಿ ಫೈಲು ಅವುಚಿಕೊಂಡು, ಮೆಟ್ಟಿಲು ಹತ್ತಿದ ದಣಿವಿಗೆ ಏದುಸಿರು ಬಿಡುತ್ತ ನಿಂತಿದ್ದ.

“ತಂದೇನ್ರಿ ಸಾಹೇಬ್ರ.”

“ಪರೀಕ್ಷಾ ನಡದೈತಿ ಹೋಗ್ರಿ,” ಎಂದು ಪಿಸುಗುಟ್ಟಿದರು ಮಾಸ್ತರರು. ಕಾಸೀಮಸಾಬ ಫೈಲನ್ನು ಮೇಜಿನ ಮೇಲಿಟ್ಟು ಹೋದ.

ಎರಡನೇ ಪ್ರಶ್ನೆ ಕ್ಯಾಂಟೀನಿನದು. ಮೀಟಿಂಗ್ ರೂಮಿಗೆ ಇಪ್ಪತ್ತು ಕಪ್ ಟೀ ಕಳಿಸಿ, ಅದರಲ್ಲಿ ಎಂಟು ವಿದೌಟ್ ಶುಗರ್. ಸಕ್ಕರೆ ಇದ್ದವು ಎಷ್ಟು? ಅಗಡಿಯಿಂದ ಬರುವ ಮೇಘಾ ಬೆರಳು ಮಡಚಿ ಲೆಕ್ಕ ಹಾಕಿದಳು. ಅವಳ ಹಿಂದಿನ ಮಾಂತೇಶ ಅವಳ ಬೆರಳು ನೋಡಿ ಲೆಕ್ಕ ಹಾಕಿದ.

ನಾಲ್ಕು ನಿಮಿಷಕ್ಕೆ ಕ್ಯಾಂಟೀನಿನ ಜಯವ್ವ ಎರಡು ತಟ್ಟೆ ಹಿಡಿದು ಬಂದಳು. “ಈ ತಟ್ಟಿದು ಸಕ್ರಿ ಹಾಕಿದ್ದು ಹನ್ನೆರಡು, ಇದು ಹಾಕದ್ದು ಎಂಟು,” ಎಂದು ಇಟ್ಟಳು. ಮುಜಾಫರನ ಕಡೆಯ ಉಪಚಾರ ಎಂದುಕೊಂಡ ಮಾಸ್ತರರು ಕಣ್ಣಿನಲ್ಲೇ ಅವನಿಗೆ ಧನ್ಯವಾದ ಹೇಳಿದರು. ಮಾಸ್ತರರ ಕಡೆಯ ಉಪಚಾರ ಎಂದುಕೊಂಡು ಮುಜಾಫರನೂ ತಲೆಯಾಡಿಸಿದ. ಅಲ್ಲಿಯತನಕ ಎಲ್ಲ ಸುರಳೀತವಾಗಿತ್ತು.

ಮೂರನೆಯದು: “ಕಂಪ್ರೆಸರ್ ನಂಬರ್ ಟೂ ಈಸ್ ಮೇಕಿಂಗ್ ನಾಯ್ಸ್. ಸ್ಟಾಪ್ ಇಟ್ ಅಂಡ್ ಕಾಲ್ ದಿ ಇಂಜಿನಿಯರ್.”

ಮಾಳಿಗೆಯ ಕೆಳಗಿನಿಂದ ಬೆಳಗಿನಿಂದಲೂ ಬರುತ್ತಿದ್ದ ಗುಂಯ್ ಶಬ್ದ ಅರ್ಧಕ್ಕರ್ಧ ನಿಂತಿತು. ಮುಜಾಫರನ ಫೋನು ಹೊಡೆದುಕೊಂಡಿತು. ಕಿವಿಗೆ ಹಿಡಿದವನೇ ಪೆನ್ನು ಬಿಸಾಕಿ ಮೆಟ್ಟಿಲು ಇಳಿದ. ಎಂಥಾ ಪರೀಕ್ಷೆಯಿದ್ದರೂ ಎದ್ದು ಹೋಗುವವರು ಇದ್ದೇ ಇರುತ್ತಾರೆ ಎಂದು ಮಾಸ್ತರರು ಬೇಸರದಿಂದ ಅವನ ಖಾಲಿ ಹಾಳೆ ಮಡಚಿಟ್ಟರು.

ನಾಲ್ಕನೆಯ ಪ್ರಶ್ನೆಯ ಮೇಲೆ ಮಾಸ್ತರರಿಗೆ ವಿಶೇಷ ಪ್ರೀತಿಯಿತ್ತು. ಅದಕ್ಕಾಗಿ ಕೌದಿಯೊಳಗೆ ಹನ್ನೊಂದು ಸಲ ಮಾತಾಡಿದ್ದರು. “ಎಮರ್ಜೆನ್ಸಿ. ಗ್ಯಾಸ್ ಲೀಕ್. ಲೀವ್ ಎವ್ರಿಥಿಂಗ್ ಅಂಡ್ ರನ್ ಟು ದಿ ಮೇನ್ ಗೇಟ್.” ನೌಕರರು ಎಲ್ಲಿ ಸೇರಬೇಕು? ಎ, ಕ್ಯಾಂಟೀನು. ಬಿ, ಮೇನ್ ಗೇಟು. ಸಿ, ಗಾಡಿ ನಿಲ್ಲಿಸುವ ಜಾಗ.

ವಿದ್ಯಾರ್ಥಿಗಳು ಪೆನ್ನು ಕಚ್ಚುತ್ತ ಎ, ಬಿ, ಸಿ ನೋಡುತ್ತಿದ್ದರು. ಮಾಸ್ತರರು ಟೀ ಕಪ್ ಹಿಡಿದು ಮುಚ್ಚಿದ ಗಾಜಿನ ಕಿಟಕಿಯ ಹತ್ತಿರ ಹೋದರು. ಕೆಳಗೆ ತೊಂಬತ್ತು ಮಂದಿ ಓಡುತ್ತಿದ್ದರು. ಮೆಣಸಿನಕಾಯಿಯ ತೊಟ್ಟು ಮುರಿದು ತುಂಬು ತೆಗೆಯುವ ಹೆಣ್ಣುಮಕ್ಕಳು ಸೆರಗು ಮೂಗಿಗೆ ಒತ್ತಿಕೊಂಡು ಮುಂದೆ, ಹಮಾಲರು ಹೆಗಲ ಮೇಲಿನ ಚೀಲ ಅಲ್ಲಲ್ಲೇ ಒಗೆದು ಹಿಂದೆ, ಎಲ್ಲರಿಗಿಂತ ಮುಂದೆ ಗೇಟಿನ ಕಾವಲುಗಾರ.

ಊಟದ ಹೊತ್ತಾಗಿದೆ ಎಂದುಕೊಂಡರು ಮಾಸ್ತರರು. ಮೂರಕ್ಕೆ ಹತ್ತು ನಿಮಿಷವಿತ್ತು. ತಡವಾಗಿ ಊಟ ಮಾಡುತ್ತಾರೆ ಪಾಪ, ಅದಕ್ಕೇ ಈ ಓಟ.

ಆ ತೊಂಬತ್ತು ಮಂದಿ ಗೇಟು ದಾಟುವುದಕ್ಕೂ ಸಾವಕಾರ್ರ ಕಾರು ಗೇಟಿಗೆ ಬರುವುದಕ್ಕೂ ಸರಿಹೋಯಿತು. ಎದುರಿನ ಚಹಾದಂಗಡಿ ಆಗಲೇ ಬಾಗಿಲು ಹಾಕಿತ್ತು. ಪಕ್ಕದ ಮಿಲ್ಲಿನವರು ನೋಡಿ ತಾವೂ ಓಡಿದ್ದರು. ಯಾರೋ ಫೈರ್ ಬ್ರಿಗೇಡಿಗೆ ಫೋನ್ ಮಾಡಿದ್ದರು. ಮುಜಾಫರ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಅಮೋನಿಯಾ ಗ್ಯಾಸಿನ ಪೈಪು ಪೈಪಿಗೂ ಮೂಗು ಹಚ್ಚಿ ಬಂದು, “ಎಲ್ಲೂ ಲೀಕ್ ಇಲ್ರಿ ಸಾವಕಾರ್ರ. ಇಲ್ಲದ ಲೀಕ್ ಎಲ್ಲಿಂದ ಹುಡುಕ್ಲಿ?” ಅಂದ.

ಅದೇ ಹೊತ್ತಿಗೆ ಕಂಬ ಕಂಬದ ಮೇಲಿದ್ದ ಸ್ಪೀಕರುಗಳು ಒಟ್ಟಿಗೆ ಉಸುರಿದವು: “ದಿಸ್ ಈಸ್ ದಿ ಎಂಡ್ ಆಫ್ ದಿ ಟೆಸ್ಟ್. ಥ್ಯಾಂಕ್ ಯೂ.”

ಸಾವಕಾರ್ರು ಮಾಳಿಗೆ ಹತ್ತಿ ಬಂದಾಗ ಅವರ ಹಿಂದೆ ಗೇಟಿನಲ್ಲಿದ್ದ ಅರ್ಧ ಮಂದಿಯೇ ಬಂದಿದ್ದರು. ತಿರುಗಣಿ ‘ಆಲ್’ ಕಡೆ, ಅಂದರೆ ಇಡೀ ಸ್ಟೋರೇಜಿನ ಕಡೆ, ಇರುವುದನ್ನು ಅವರು ನೋಡಿದರು, ಮಾಸ್ತರರೂ ನೋಡಿದರು. ಮಾಸ್ತರರಿಗೆ ಕೈಯಲ್ಲಿದ್ದ ಟೀ ಯಾಕೆ ಬಂತು ಎನ್ನುವುದೂ ಆಗಲೇ ಹೊಳೆಯಿತು. ಅವರು ಕಪ್ಪನ್ನು ಮೇಜಿನ ಮೇಲಿಟ್ಟು ಗೋಡೆಗೆ ಆನಿಕೊಂಡು ನಿಂತರು.

ಸಾವಕಾರ್ರು ಬೈಯಲಿಲ್ಲ. ಕುರ್ಚಿ ಎಳೆದು ಕುಳಿತು ಕಾಸೀಮಸಾಬನನ್ನು ಕೇಳಿದರು, “ನಿನಗ ಇಂಗ್ಲಿಷ್ ಹೆಂಗ ತಿಳೀತೋ?”

“ಇಂಗ್ಲಿಷ್ ಎಲ್ಲಿತ್ರಿ? ಬ್ಲೂ ಫೈಲು, ಮೀಟಿಂಗ್ ರೂಮು ಅಂದ್ರು. ತಂದೆ.”

“ನಿನಗ ಜಯವ್ವಾ?”

“ಟೀ, ಟ್ವೆಂಟಿ ಕಪ್ಪು, ಶುಗರ್ರು. ಇದರಾಗ ಇಂಗ್ಲಿಷ್ ಯಾವುದ್ರಿ ಯಪ್ಪಾ? ಎಲ್ಲಾ ನಮ್ಮ ಮಾತ ಐತಿ.”

ಆಮೇಲೆ ಸಾವಕಾರ್ರು ಉತ್ತರದ ಹಾಳೆಗಳನ್ನು ತರಿಸಿ ನೋಡಿದರು. ನಾಲ್ಕನೇ ಪ್ರಶ್ನೆಗೆ ಹನ್ನೊಂದು ಮಂದಿ ಗಾಡಿ ನಿಲ್ಲಿಸುವ ಜಾಗ ಅಂದಿದ್ದರು, ಆರು ಮಂದಿ ಕ್ಯಾಂಟೀನು. ಉಳಿದ ಮೂವರಲ್ಲಿ ಇಬ್ಬರು ಮೇನ್ ಗೇಟು ಅಂದಿದ್ದರು, ಮಾಂತೇಶ ಯಾವುದೂ ಬಿಟ್ಟುಹೋಗಬಾರದೆಂದು ಮೂರಕ್ಕೂ ಗುರುತು ಹಾಕಿದ್ದ. ಎಚ್ಚರಿಕೆ ಕೇಳಿಯೂ ಕುರ್ಚಿ ಬಿಟ್ಟು ಎದ್ದವರು ಒಬ್ಬರೂ ಇರಲಿಲ್ಲ.

“ಮಾಸ್ತರ್ರ, ಟೆಸ್ಟ್ ಭಾಳ ಛಲೋ ಆಗೇತಿ,” ಅಂದರು ಸಾವಕಾರ್ರು. “ಯಾರಿಗೆ ಬರ್ತೈತಿ, ಯಾರಿಗೆ ಬರೂದಿಲ್ಲ ಅನ್ನೂದು ಹಾಲು ನೀರು ಬ್ಯಾರೆ ಮಾಡಿದಂಗ ತೋರಿಸ್ತು. ಮಾತು ಕೊಟ್ಟೇನಿ. ನೀವು ಇವತ್ತಿಂದ ಪರ್ಮನೆಂಟ್.”

ಜೇಬಿನಿಂದ ಆರ್ಡರ್ ತೆಗೆದು ಸಹಿ ಹಾಕಿದರು. ಮಾಸ್ತರರ ಕಣ್ಣಲ್ಲಿ ನೀರು ಬಂದಿತು. ಸ್ವಲ್ಪ ಮೆಣಸಿನಕಾಯಿ ಘಾಟಿಗೆ, ಉಳಿದದ್ದು ಖರೇನೇ. ಸಹಿಯ ಮೇಲಿನ ಸಾಲಿನಲ್ಲಿ ಸಾವಕಾರ್ರು ಒಂದು ಶಬ್ದ ಹೊಡೆದುಹಾಕಿ ಇನ್ನೊಂದು ಬರೆಯುವುದನ್ನು ಆ ನೀರಿನಲ್ಲಿ ಅವರು ಕಾಣಲಿಲ್ಲ.

ಓದಿದಾಗ ಉಪನ್ಯಾಸಕ ಎಂದಿದ್ದಲ್ಲಿ ಅನೌನ್ಸರ್ ಎಂದಿತ್ತು. ಸ್ಥಳ, ಬ್ಯಾಡಗಿ ಕೋಲ್ಡ್ ಸ್ಟೋರೇಜ್.

“ಸಾವಕಾರ್ರ, ಇದೇನ್ರಿ?”

“ನೋಡ್ರಿ, ನಿಮ್ಮ ದನಿ ನಾಕು ವರ್ಷ ಕೇಳಿದವರು ಕುರ್ಚಿ ಬಿಟ್ಟು ಏಳಲಿಲ್ಲ. ಒಮ್ಮೆ ಕೇಳಿದವರು ಗೇಟ್ ದಾಟಿದ್ರು. ಆ ಮೈಕಿನ್ಯಾಗ ನಾನ ಒದರಿದ್ರೂ ಇಲ್ಲಿ ಯಾರೂ ಹಂದಾಡೂದಿಲ್ಲ. ನಿಮ್ಮಂಥವರು ಇಲ್ಲಿ ಬೇಕು. ಹುಡುಗರಿಗೆ ಇಂಗ್ಲಿಷ್ ಜಯವ್ವನ ಕ್ಯಾಂಟೀನಿನ್ಯಾಗ ಕಲಿಸೂಣು.”

ಬೇಡ ಅನ್ನಲು ಮಾಸ್ತರರಿಗೆ ಧೈರ್ಯವಾಗಲಿಲ್ಲ. ಪರ್ಮನೆಂಟ್ ಅನ್ನುವ ಶಬ್ದವಂತೂ ಅಲ್ಲೇ ಇತ್ತು. ಅಷ್ಟರಲ್ಲಿ ಕೆಳಗೆ ಮೆಣಸಿನಕಾಯಿ ಲಾರಿಯೊಂದು ಬಂದು ಹಾರ್ನ್ ಹಾಕಿತು. ಸಾವಕಾರ್ರು ಮೈಕನ್ನು ಅವರ ಕಡೆ ಸರಿಸಿದರು. ಮಾಸ್ತರರು ಗಂಟಲು ಸರಿಮಾಡಿಕೊಂಡು, ಅದೇ ಗತ್ತಿನಲ್ಲಿ, ಲಾರಿ ಬಂದಿದೆ, ಆರು ಜನ ಹಮಾಲರು ಗೋಡೌನ್ ನಂಬರ್ ಫೈವಿಗೆ ಕೂಡಲೇ ಬರಬೇಕೆಂದು ಇಂಗ್ಲಿಷಿನಲ್ಲಿ ಸಾರಿದರು.

ಯಾರೂ ಬರಲಿಲ್ಲ. ಇನ್ನೊಮ್ಮೆ ಸಾರಿದರು. ಕೊನೆಗೆ “ಖರೇನ್ರಿ” ಎಂದು ಸೇರಿಸಿದರು. ಅದಕ್ಕೂ ಯಾರೂ ಏಳಲಿಲ್ಲ. ಸಾವಕಾರ್ರು ಗಡಿಯಾರ ನೋಡಿದರು. ಮಾಸ್ತರರು ಮೆಟ್ಟಿಲಿಳಿದು ಓಡಿದರು. ಹಮಾಲರೆಲ್ಲ ಚೀಲದ ಮೇಲೆ ಆರಾಮ ಒರಗಿದ್ದರು.

“ಕೇಳಿಸಲಿಲ್ಲೇನ್ರೋ?”

“ಪೂರಾ ಕೇಳಿಸ್ತ್ರಿ ಸರ್ರ,” ಅಂದ ಅವರಲ್ಲಿ ಹಿರಿಯನಾದ ಹೇಮಪ್ಪ, ಎದ್ದೇಳದೆ. “ಆರು ಮಂದಿ, ಗೋಡೌನ್ ನಂಬರ್ ಫೈವ್. ಉತ್ತರ ಬರಕೊಳ್ರಿ. ಈ ಸಲ ನಾವ್ಯಾರೂ ಮೋಸ ಹೋಗೂದಿಲ್ಲ.”

ಮಾಸ್ತರರು ಆರ್ಡರನ್ನು ಮಡಚಿ ಜೇಬಿಗಿಟ್ಟು, ಲಾರಿಯ ಹಿಂದೆ ಹೋಗಿ ಮೊದಲನೇ ಚೀಲದ ಕಿವಿ ಹಿಡಿದರು.