ಗಡ್ಡೆಯನ್ನು ಉಪವಾಸ ಕೆಡವಿದ ಕಥೆ

ನಮ್ಮ ಮನೆತನದಲ್ಲಿ ವಿಜ್ಞಾನ ಓದಿದವನು ನಾನೊಬ್ಬನೇ. ಸಿಂದಗಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡುತ್ತಿದ್ದೆ. ಮಾಸ್ತರರ ಕೆಮ್ಮು, ಸೀನು, ಸಿಟ್ಟು ಎಲ್ಲವನ್ನೂ ಹಾಗೆಯೇ ಒಪ್ಪಿಸಬಲ್ಲೆ; ಪಾಠವೊಂದನ್ನು ಬಿಟ್ಟು.

ಸಾಲೋಟಗಿಯ ನನ್ನ ಸೋದರತ್ತೆ ಗಂಗವ್ವನ ಕುತ್ತಿಗೆಯಲ್ಲಿ ಕ್ಯಾನ್ಸರ್ ಗಡ್ಡೆ ಎದ್ದಿತ್ತು. ಸೊಲ್ಲಾಪುರದ ಆಸ್ಪತ್ರೆಯಲ್ಲಿ 'ಕರೆಂಟು', ಅಂದರೆ ವಿಕಿರಣ, ಕೊಡಲು ಶುರು ಮಾಡಿದ್ದರು. ಅದನ್ನು ಮಂದಿಗೆ ತಿಳಿಸಿ ಹೇಳುವ ಜವಾಬ್ದಾರಿ ನನ್ನ ಹೆಗಲೇರಿತು. ಯಾರೂ ಏರಿಸಿರಲಿಲ್ಲ. ಕಾಲೇಜಿನ ಲೈಬ್ರರಿಯಲ್ಲಿ ಅರ್ಧ ಓದಿದ ಲೇಖನವೊಂದರ ಬಲದ ಮೇಲೆ ನಾನೇ ಹೊತ್ತುಕೊಂಡೆ.

ರಜೆಗೆ ಅತ್ತೆಯ ಮನೆಗೆ ಹೋದಾಗ ಪಡಸಾಲೆಯಲ್ಲಿ ಅವಳ ಗಂಡ ಮಾಮಾ, ಪಕ್ಕದ ಮನೆಯ ಶಿವಲಿಂಗಪ್ಪ ಕಾಕಾ, ಇನ್ನಷ್ಟು ಜನ ಕೂತಿದ್ದರು.

"ನೋಡ್ರಿ, ಕರೆಂಟು ಗಡ್ಡಿ ಕೋಶದಾಗಿನ ಡಿಎನ್‌ಎ ಎಳಿ ಹರೀತೈತಿ. ಹರದ್ರ ಅದು ಸಾಯಬೇಕು. ಆದ್ರ ಅದರ ಬಾಗಲಕ್ಕ ಕೋಶ ಬೆಳಸೂ 'ಬೆಳವಣಿಗಿ ಅಂಶ' ಅಂತ ಒಬ್ಬ ಹಿರ್ಯಾ ಬಂದು ನಿಂದ್ರತಾನ." ಇಲ್ಲಿ ನಾನು ಶಿವಲಿಂಗಪ್ಪ ಕಾಕಾನ ಗೊಗ್ಗರು ಧ್ವನಿ ತೆಗೆದೆ: "ಏ, ಯಾಕ ಬಿದ್ದೀರೋ? ಏಳ್ರಿ, ಹರದದ್ದು ಹೊಲಕೋರಿ. ಸಾಯೂದು ಆಮ್ಯಾಲ ನೋಡೂಣು."

ಎಲ್ಲರೂ ನಕ್ಕರು, ಕಾಕಾ ಕೂಡ. ಇಲ್ಲಿಯವರೆಗೆ ವಿಜ್ಞಾನಕ್ಕೆ ಯಾವ ಅಪಾಯವೂ ಆಗಿರಲಿಲ್ಲ.

"ಹಂಗಾರ ತಮ್ಮಾ," ಕಾಕಾ ಕೇಳಿದ, "ಬೆಳಸೂದು ಅಂದ್ರ ಹಾಲು, ತುಪ್ಪ, ಹುಗ್ಗಿನ ಅಲ್ಲೇನು?"

ಪಡಸಾಲೆ ತುಂಬ ಜನ ಬಾಯಿ ತೆರೆದು ಕೂತಿರುವಾಗ 'ಗೊತ್ತಿಲ್ಲ' ಎನ್ನುವ ಗಂಡಸು ನಮ್ಮ ಇಂಡಿ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

"ಹೌದ್ರಿ ಕಾಕಾ, ಹಂಗ ತಿಳೀರಿ."

ಅಂದಿನಿಂದ ಕಾಕಾ ಅತ್ತೆಯ ಮನೆ ಮುಂದಿನ ಕಟ್ಟೆಯ ಮೇಲೆ ಕಾವಲು ಕೂತ. ನಮ್ಮ ಕಡೆ ಬೇನೆಬಿದ್ದವರನ್ನು ಮಾತಾಡಿಸಲು ಯಾರೂ ಬರಿಗೈಲಿ ಬರುವುದಿಲ್ಲ. ಬಂದವರ ಬೆಲ್ಲ ಹಾಕಿದ ಗೋದಿ ಹುಗ್ಗಿಯ ಡಬ್ಬಿಯನ್ನು ಕಾಕಾ ಅಲ್ಲೇ ತಡೆಯುತ್ತಿದ್ದ: "ಒಳಗ ಒಯ್ಯಬ್ಯಾಡ್ರಿ, ಗಡ್ಡಿ ಉಣ್ಣತೈತಿ." ಹುಗ್ಗಿ ಹಾಳಾಗಬಾರದಲ್ಲ? ನಾನು ಉಂಡೆ. ಅತ್ತೆಗೆ ನೀರಿನಂಥ ಗಂಜಿ.

"ಏನಲೇ, ನೀ ಹುಗ್ಗಿ ಉಂಡ್ರ ನನ್ನ ಗಡ್ಡಿ ಸಾಯ್ತೈತೇನು?" ಎಂದಳು ಅತ್ತೆ.

"ಅತ್ತಿ, ವಿಜ್ಞಾನದಾಗ ಹಂಗ ಐತಿ."

ಎರಡು ವಾರದ ನಂತರ ಅತ್ತೆ, ಮಾಮಾರ ಜೊತೆ ನಾನೂ ಹೋದಾಗ ಸೊಲ್ಲಾಪುರದ ಡಾಕ್ಟರು ಅತ್ತೆಯ ತೂಕ ನೋಡಿ ಗಾಬರಿಯಾದರು. "ಉಪವಾಸ ಕೆಡವೀರೇನು? ಹಿಂಗ ಇಳದ್ರ ಕರೆಂಟು ಅರ್ಧಕ್ಕ ನಿಲ್ಲಸಬೇಕಾಗ್ತದ. ಆಮ್ಯಾಲ ಗಡ್ಡಿನ ಗೆಲ್ತದ."

ಊರವರ ಧ್ವನಿಯೆಲ್ಲ ತೆಗೆಯಬಲ್ಲ ನನಗೆ ಅಲ್ಲಿ ನನ್ನದೇ ಧ್ವನಿ ಸಿಗಲಿಲ್ಲ. ಹೇಗೋ ತೊದಲಿ, ಬೆಳವಣಿಗೆ ಅಂಶದ ವಿಷಯ ಹೇಳಿದೆ.

"ಅದು ಮೈಯಾಗ ಹುಟ್ಟತದ್ರಿ, ಹುಗ್ಗಿ ಪಾತೇಲಿಯೊಳಗಲ್ಲ," ಎಂದರು ಡಾಕ್ಟರು. "ಎಷ್ಟೋ ಸಲ ಗಡ್ಡಿನ ಆ ಅಂಶ ಹುಟ್ಟಿಸಿ, ತನ್ನ ತಾನ ಕೂಗಿ ಎಬ್ಬಿಸಿಕೋತದ. ಆ ಕೂಗು ತಡಿಯೋ ಔಷಧನ ಬ್ಯಾರೆ. ಪೆಟ್ಟು ತಿಂದ ಒಳ್ಳೆ ಕೋಶ ರಿಪೇರಿ ಆಗಬೇಕಂದ್ರ ಊಟ ಬೇಕು. ನಿಮಗ ಹಿಂಗ ಹೇಳಿದವರು ಯಾರು?"

"ನಮ್ಮ ವಿಜ್ಞಾನಿ," ಎಂದ ಮಾಮಾ ನನ್ನ ಕಡೆ ನೋಡದೆ.

ಲೇಖನದ ಉಳಿದರ್ಧದಲ್ಲಿ ಇದೇ ಇತ್ತಂತೆ.

ಅತ್ತೆ ಉಂಡಳು. ಕರೆಂಟು ಪೂರ್ತಿಯಾಯಿತು, ಗಡ್ಡೆ ಕರಗಿತು. ಧ್ವನಿ ಮಾತ್ರ ಒಡೆಯಿತು. ಆ ಒಡಕು ಧ್ವನಿಯಲ್ಲೇ ಅವಳು ಈಗ ಬಂದವರಿಗೆಲ್ಲ ನನ್ನ ನಕಲು ಮಾಡಿ ತೋರಿಸುತ್ತಾಳೆ. ನನ್ನಂತೆಯೇ ಕನ್ನಡಕ ಮೇಲೇರಿಸಿ, ಗಂಟಲು ಸರಿಮಾಡಿ: "ಹೌದ್ರಿ ಕಾಕಾ, ಹಂಗ ತಿಳೀರಿ." ನನಗಿಂತ ಚೆನ್ನಾಗಿ ಮಾಡುತ್ತಾಳೆ.

ಆಮೇಲೆ ಉಳಿದವರಿಗೆಲ್ಲ ಹುಗ್ಗಿ ಬಡಿಸುತ್ತಾಳೆ. ನಮ್ಮ ಮನೆತನದಲ್ಲಿ ಹುಗ್ಗಿಯ ದಿನ ಗಂಜಿ ಕುಡಿಯುವವನೂ ನಾನೊಬ್ಬನೇ.